ಶುಗರ್ ಇದ್ದವರು ಬಾಯಿಯನ್ನೂ ತೋರಿಸಿಕೊಳ್ಳಬೇಕು, ಯಾಕೆ?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಶುಗರ್ ಇರುವವರು ಸಾಕಷ್ಟು ಜನ ಇದ್ದೀರಿ. ವರ್ಷಕ್ಕೊಮ್ಮೆ ಕಣ್ಣು ತೋರಿಸುತ್ತೀರಿ. ಕಿಡ್ನಿ ಹೇಗಿದೆ ನೋಡೋಣ ಅಂತ ರಕ್ತ, ಮೂತ್ರ ಕೊಡುತ್ತೀರಿ. ಪಾದ ಜುಮ್ ಅಂದರೆ ಡಾಕ್ಟರಿಗೆ ಹೇಳುತ್ತೀರಿ. ಬಾಯಿ ಮಾತ್ರ ಹಲ್ಲು ನೋವು ಬಂದಾಗಲೇ ನೆನಪಾಗುವುದು, ಅಲ್ವಾ? ನಾನು ಹಲ್ಲಿನ ಡಾಕ್ಟರು, ಬಾಯಿಯ ಒಳಗಿನ ತೆಳು ಚರ್ಮಕ್ಕೆ ಬರುವ ಕಾಯಿಲೆಗಳನ್ನು ನೋಡುವುದೇ ನನ್ನ ಕೆಲಸ. ನಿಮ್ಮ ವರ್ಷದ ತಪಾಸಣೆಯ ಪಟ್ಟಿಗೆ ಬಾಯಿಯನ್ನೂ ಸೇರಿಸಿಕೊಳ್ಳಿ ಅಂತ ಕೇಳಿಕೊಳ್ಳುವುದಕ್ಕೇ ಇವತ್ತು ಬಂದಿದ್ದೇನೆ.

ಬಾಯಿ ಕ್ಯಾನ್ಸರ್ ಬಹಳಷ್ಟು ಸಲ ಒಮ್ಮೆಲೇ ಬರುವುದಿಲ್ಲ. ಅದಕ್ಕೂ ಮುಂಚೆ, ಕೆಲವು ಸಲ ವರ್ಷಗಟ್ಟಲೆ ಮುಂಚೆ, ಕಣ್ಣಿಗೆ ಕಾಣುವ ಬದಲಾವಣೆಗಳು ಇರುತ್ತವೆ. ಕೆನ್ನೆಯ ಒಳಗೋ ನಾಲಿಗೆಯ ಪಕ್ಕದಲ್ಲೋ ಬರುವ ಬಿಳಿ ಮಚ್ಚೆಗೆ ಲ್ಯುಕೋಪ್ಲೇಕಿಯಾ ಅನ್ನುತ್ತೇವೆ. ಕೆಂಪಗೆ ಮಖಮಲ್ಲಿನ ಹಾಗೆ ಕಾಣುವ ಮಚ್ಚೆ ಎರಿತ್ರೋಪ್ಲೇಕಿಯಾ. ಇದು ಕಾಣುವುದು ಕಡಿಮೆ, ಆದರೆ ಬಿಳಿಯದಕ್ಕಿಂತ ಅಪಾಯ ಜಾಸ್ತಿ. ಜಾಲರಿಯ ಹಾಗೆ ಬಿಳಿ ಗೆರೆ ಬರುವುದು ಲೈಕೆನ್ ಪ್ಲೇನಸ್. ಇನ್ನೊಂದು ನಮ್ಮ ಅಡಿಕೆ ಸೀಮೆಯವರಿಗೆ ಚೆನ್ನಾಗಿ ಗೊತ್ತಿರಬೇಕಾದದ್ದು, ಸಬ್‌ಮ್ಯೂಕಸ್ ಫೈಬ್ರೋಸಿಸ್, ಅಂದರೆ ಕೆನ್ನೆಯ ಒಳಭಾಗ ಬಿಗಿದು ಬರಬರುತ್ತಾ ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆ. ಕೆಂಪು ಮಚ್ಚೆಯಲ್ಲಿ ಪರೀಕ್ಷೆ ಮಾಡುವ ಹೊತ್ತಿಗೇ ಕ್ಯಾನ್ಸರ್ ಇರುವುದುಂಟು. ಉಳಿದವು ಸಾಮಾನ್ಯವಾಗಿ ಇನ್ನೂ ಕ್ಯಾನ್ಸರ್ ಅಲ್ಲ, ಬಹುಪಾಲು ಜನರಿಗೆ ಕ್ಯಾನ್ಸರ್ ಆಗುವುದೂ ಇಲ್ಲ. ಆದರೆ ಯಾರಿಗೆ ಆಗುತ್ತದೆ ಅಂತ ನೋಡಿದ ತಕ್ಷಣ ಹೇಳಲು ಬರುವುದಿಲ್ಲ, ಅದಕ್ಕೇ ಕಣ್ಣಿಟ್ಟಿರಬೇಕು.

ಶುಗರ್‌ಗೂ ಇದಕ್ಕೂ ಏನು ಸಂಬಂಧ? ಹಂಗೇರಿಯ ಬುಡಾಪೆಸ್ಟ್‌ನಲ್ಲಿ 1,600 ಮಂದಿ ಸಕ್ಕರೆ ಕಾಯಿಲೆಯವರ ಬಾಯಿ ಪರೀಕ್ಷೆ ಮಾಡಿ 1992ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಲ್ಯುಕೋಪ್ಲೇಕಿಯಾ ಇದ್ದವರು ನೂರಕ್ಕೆ 6.2, ಸಕ್ಕರೆ ಕಾಯಿಲೆ ಇಲ್ಲದ ಗುಂಪಿನಲ್ಲಿ 2.2. ಅಷ್ಟು ದೂರ ಯಾಕೆ, ಪಕ್ಕದ ಕೇರಳದಲ್ಲೇ ಬಾಯಿ ಕ್ಯಾನ್ಸರ್ ತಪಾಸಣೆಗೆ ಒಳಗಾದ ಜನರ ಮಾಹಿತಿ ಇಟ್ಟುಕೊಂಡು ಇದನ್ನೇ ನೋಡಿದ್ದಾರೆ, 2006ರಲ್ಲಿ ಪ್ರಕಟವಾಗಿದೆ. ಅಲ್ಲಿ ಹೆಂಗಸರಲ್ಲಿ ಸಕ್ಕರೆ ಕಾಯಿಲೆಗೂ ಬಿಳಿ ಮತ್ತು ಕೆಂಪು ಮಚ್ಚೆಗಳಿಗೂ ನಂಟು ಕಂಡಿತು, ಗಂಡಸರಲ್ಲಿ ಅದು ಕಾಣಲಿಲ್ಲ. ಇಂಥ ಎಷ್ಟೋ ಅಧ್ಯಯನಗಳನ್ನು ಒಟ್ಟು ಸೇರಿಸಿ 2015ರಲ್ಲಿ ಲೆಕ್ಕ ಹಾಕಿದಾಗ, ಟೈಪ್ 2, ಅಂದರೆ ಹೆಚ್ಚಾಗಿ ದೊಡ್ಡವರಾದ ಮೇಲೆ ಬರುವ ಸಕ್ಕರೆ ಕಾಯಿಲೆ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಅಪಾಯ ಸುಮಾರು ಶೇ. 15ರಷ್ಟು ಜಾಸ್ತಿ, ಕ್ಯಾನ್ಸರಿಗೆ ಮುಂಚಿನ ಮಚ್ಚೆಗಳ ಅಪಾಯ ಸುಮಾರು ಶೇ. 85ರಷ್ಟು ಜಾಸ್ತಿ ಅಂತ ಬಂತು.

ದಯವಿಟ್ಟು ಹೆದರಬೇಡಿ. ಶುಗರ್ ಇದ್ದವರಿಗೆಲ್ಲ ಮಚ್ಚೆ ಬರುತ್ತದೆ ಅಂತ ಇದರ ಅರ್ಥ ಅಲ್ಲ. ಹೊಗೆಸೊಪ್ಪು, ಅಡಿಕೆ, ಬೀಡಿ ಸಿಗರೇಟು, ಹೆಂಡ, ಇವುಗಳ ಮುಂದೆ ಶುಗರ್‌ನ ಪಾಲು ಸಣ್ಣದು. ಆದರೆ ಎರಡೂ ಒಬ್ಬರಲ್ಲೇ ಇದ್ದರೆ? ನಮ್ಮಲ್ಲಿ ಅಂಥವರೇ ತುಂಬಾ ಜನ. ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ಹೇಳಿತು. ದೊಡ್ಡವರಲ್ಲಿ ನೂರಕ್ಕೆ 28ಕ್ಕೂ ಹೆಚ್ಚು ಜನ ಯಾವುದಾದರೊಂದು ರೀತಿಯಲ್ಲಿ ತಂಬಾಕು ಬಳಸುತ್ತಾರೆ ಅಂತ 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿತ್ತು.

ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ರಕ್ತದಲ್ಲಿ ಸಕ್ಕರೆ ಬಹಳ ಕಾಲ ಜಾಸ್ತಿ ಇದ್ದರೆ ಅದು ಪ್ರೋಟೀನುಗಳಿಗೆ ಅಂಟಿಕೊಂಡು, ಸಣ್ಣಗೆ ಉರಿಯೂತ ನಡೆಯುತ್ತಲೇ ಇರುವ ಹಾಗೆ ಮಾಡುತ್ತದೆ. ಟೈಪ್ 2ರಲ್ಲಿ ಮೊದಮೊದಲು ಇನ್ಸುಲಿನ್ ಜಾಸ್ತಿಯೇ ಇರುತ್ತದೆ, ಇನ್ಸುಲಿನ್ನಿಗೆ ಜೀವಕೋಶ ಬೆಳೆಸುವ ಗುಣವೂ ಇದೆ. ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ, ಫಂಗಸ್ ಸೇರಿಕೊಳ್ಳುತ್ತದೆ, ಗಾಯ ಮಾಯುವುದು ನಿಧಾನ. ಇಂಥ ಬಾಯಿಗೆ ಹೊಗೆಸೊಪ್ಪಿನ ರಸ ಬಿದ್ದರೆ ಅದನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ.

ಈಗ ಅಡಿಕೆ ವಿಷಯ. ಶಿವಮೊಗ್ಗ, ಚನ್ನಗಿರಿ, ಶಿರಸಿ, ಪುತ್ತೂರು ಕಡೆಯವರಿಗೆ ಇದನ್ನು ಹೇಳುವಾಗ ನನಗೆ ಕಷ್ಟವಾಗುತ್ತದೆ, ಮನೆ ನಡೆಯುವುದೇ ಆ ಬೆಳೆಯಿಂದ. ಆದರೂ ಹೇಳಲೇಬೇಕು. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲೇ ತೀರ್ಮಾನಿಸಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ರಾಸಾಯನಿಕ, ಕೆನ್ನೆಯ ಒಳಗೆ ನಾರು ಬೆಳೆಯುವ ಹಾಗೆ ಮಾಡುತ್ತದೆ. ಅದೇ ಸಬ್‌ಮ್ಯೂಕಸ್ ಫೈಬ್ರೋಸಿಸ್. 1952ರಲ್ಲಿ ಇದನ್ನು ಮೊದಲು ವಿವರಿಸಿದ್ದು ಪೂರ್ವ ಆಫ್ರಿಕಾದಲ್ಲಿದ್ದ ಭಾರತೀಯ ಹೆಂಗಸರಲ್ಲಿ. ಕೇರಳದ ಎರ್ನಾಕುಳಂನಲ್ಲಿ ಈ ಕಾಯಿಲೆಯ 66 ಜನರ ಮೇಲೆ 17 ವರ್ಷ ನಿಗಾ ಇಟ್ಟಾಗ ಶೇ. 7.6ರಷ್ಟು ಜನರಿಗೆ ಕ್ಯಾನ್ಸರ್ ಬಂತು.

ಅಡಿಕೆ ಬಾಯಿಯನ್ನು ಮಾತ್ರ ಕೆಡಿಸುತ್ತದೆ ಅಂದುಕೊಂಡಿದ್ದೀರಾ? ಇಲಿಗಳಿಗೆ ಅಡಿಕೆ ತಿನ್ನಿಸಿದ ಪ್ರಯೋಗದಲ್ಲಿ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಅವುಗಳ ಶಕ್ತಿ ಕುಂದಿತು, ಮರಿಗಳಲ್ಲೂ ಅದು ಕಂಡಿತು. 1994ರ ಮಾತು ಅದು. ಆಮೇಲೆ ತೈವಾನಿನಲ್ಲಿ ಅಡಿಕೆ ಅಗಿಯುವ ಗಂಡಸರನ್ನು ನೋಡಿದಾಗ ಅವರಲ್ಲಿ ಟೈಪ್ 2 ಸಕ್ಕರೆ ಕಾಯಿಲೆ ಜಾಸ್ತಿ ಇತ್ತು. ಅಂದರೆ ಒಂದೇ ಅಭ್ಯಾಸ ಶುಗರ್ ಕಡೆಗೂ ತಳ್ಳಬಹುದು, ಬಾಯಿಯನ್ನೂ ಕೆಡಿಸಬಹುದು. ಶುಗರ್ ಇದೆ ಅಂತ ಸಿಹಿ ಬಿಟ್ಟು, ಊಟ ಆದ ಮೇಲೆ ಬಾಯಿಗೆ ಏನಾದರೂ ಬೇಕಲ್ಲ ಅಂತ ಅಡಿಕೆ ಪುಡಿ ಹಾಕಿಕೊಳ್ಳುವವರು ಇದನ್ನು ಯೋಚಿಸಬೇಕು.

ಇನ್ನು ನನ್ನನ್ನು ನಿಜಕ್ಕೂ ಕಾಡುವ ವಿಷಯ. ಖಾರ ತಿಂದರೆ ಬಾಯಿ ಉರಿಯುತ್ತದೆ, ಸಾರು ತಾಗಿದರೂ ಉರಿ. ಫೈಬ್ರೋಸಿಸ್‌ನ ಮೊದಲ ಲಕ್ಷಣ ಎಷ್ಟೋ ಸಲ ಇದೇ. ಆದರೆ ಶುಗರ್ ಇದ್ದವರು ಏನನ್ನುತ್ತಾರೆ? "ಶುಗರ್ ಅಲ್ವಾ ಡಾಕ್ಟ್ರೇ, ಅದಕ್ಕೇ ಉರಿ." ಹುಣ್ಣು ಮಾಯುತ್ತಿಲ್ಲ ಅಂದರೂ ಅದೇ ಉತ್ತರ. ಇಲ್ಲದಿದ್ದರೆ ಉಷ್ಣ ಅಂತ ಎಳನೀರು, ಬಿ ಕಾಂಪ್ಲೆಕ್ಸ್ ಮಾತ್ರೆ. ಶುಗರ್‌ನಿಂದಲೂ ಬಾಯಿ ಉರಿಯಬಹುದು, ನಿಜ. ಆದರೆ ಬಾಯಿ ತೆರೆದು ನೋಡದೆ ಅದನ್ನು ತೀರ್ಮಾನ ಮಾಡಬೇಡಿ. ಎರಡು ವಾರದಲ್ಲಿ ಮಾಯದ ಹುಣ್ಣನ್ನು ಶುಗರ್ ತಲೆಗೆ ಕಟ್ಟಿ ಸುಮ್ನೆ ಕೂರುವ ಹಾಗಿಲ್ಲ.

ನಾವು ನೋಡುವುದು ಹೇಗೆ ಅಂತ ಹೇಳುತ್ತೇನೆ, ಮನೆಯಲ್ಲೂ ಅರ್ಧ ಮಾಡಿಕೊಳ್ಳಬಹುದು. ಒಳ್ಳೆ ಬೆಳಕು, ಕನ್ನಡಿ. ಹಲ್ಲು ಸೆಟ್ ಇದ್ದರೆ ತೆಗೆದಿಡಿ. ಕೆನ್ನೆಯನ್ನು ಬೆರಳಿನಿಂದ ಹೊರಕ್ಕೆ ಎಳೆದು ಕಡೇ ಹಲ್ಲಿನವರೆಗೂ ನೋಡಿ, ಅದರಲ್ಲೂ ಎಲೆ ಅಡಿಕೆ ಇಟ್ಟುಕೊಳ್ಳುವ ಬದಿಯನ್ನು. ನಾಲಿಗೆಯ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ ಎಳೆದರೆ ಪಕ್ಕಗಳು ಕಾಣುತ್ತವೆ. ನಾಲಿಗೆ ಎತ್ತಿ ಕೆಳಗೂ ನೋಡಿ. ಬಿಳಿ ಕಂಡರೆ ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಒರೆಸಿದಾಗ ಬಂದು ಕೆಳಗೆ ಕೆಂಪಾಗಿ ಕಂಡರೆ ಹೆಚ್ಚಾಗಿ ಫಂಗಸ್, ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ ಅದು ಬರುತ್ತಲೇ ಇರುತ್ತದೆ, ಅದಕ್ಕೆ ಔಷಧಿ ಇದೆ. ಒರೆಸಿದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಕೊನೆಗೆ ನಿಮ್ಮದೇ ಮೂರು ಬೆರಳು ಜೋಡಿಸಿ, ಮೇಲೆ ಕೆಳಗೆ ನಿಲ್ಲಿಸಿ, ಮುಂದಿನ ಹಲ್ಲುಗಳ ನಡುವೆ ತೂರಿಸಿ. ಎರಡೇ ಹೋಗುತ್ತದೆ ಅಂದರೆ ತಡ ಮಾಡಬೇಡಿ. ಬಾಯಿ ಕಿರಿದಾದವರಿಗೆ ಮುದ್ದೆಯ ತುತ್ತೂ ಒಳಗೆ ಹೋಗುವುದಿಲ್ಲ. ಸೊಪ್ಪು ತರಕಾರಿ ಬಿಟ್ಟು ಮೆತ್ತಗಿನ ಅನ್ನ, ಗಂಜಿಗೆ ಬಂದುಬಿಡುತ್ತಾರೆ, ಅದರಿಂದ ಶುಗರ್ ಇನ್ನಷ್ಟು ಏರುತ್ತದೆ.

ಅನುಮಾನ ಬಂದರೆ ಒಂದು ಸಣ್ಣ ತುಂಡು ತೆಗೆದು ಬಯಾಪ್ಸಿಗೆ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ ಕಳಿಸುತ್ತೇವೆ. "ಚಾಕು ತಾಗಿದರೆ ಹರಡುತ್ತೆ" ಅನ್ನುವುದು ಸುಳ್ಳು. "ಶುಗರ್ ಇದೆ, ಗಾಯ ಮಾಯಲ್ಲ" ಅಂತ ಹೆದರುವವರೂ ಇದ್ದಾರೆ. ಶುಗರ್ ತೀರಾ ಜಾಸ್ತಿ ಇದ್ದರೆ ನಿಮ್ಮ ಡಾಕ್ಟರ ಜೊತೆ ಮಾತಾಡಿ ಮೊದಲು ಇಳಿಸಿಕೊಳ್ಳುತ್ತೇವೆ, ಆದರೆ ಅದೇ ನೆಪದಲ್ಲಿ ತಿಂಗಳುಗಟ್ಟಲೆ ಮುಂದೂಡಬಾರದು.

ಶುಗರ್ ಇರುವುದನ್ನು ನಮಗೆ ಮೊದಲೇ ಹೇಳಿ. ಫೈಬ್ರೋಸಿಸ್‌ಗೆ ಕೆನ್ನೆಯೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದುಂಟು, ಲೈಕೆನ್ ಪ್ಲೇನಸ್‌ಗೂ ಸ್ಟೀರಾಯ್ಡ್ ಮುಲಾಮು, ಕೆಲವು ಸಲ ಮಾತ್ರೆ. ಇಂಜೆಕ್ಷನ್ ಮತ್ತು ಮಾತ್ರೆಯಿಂದ ಸಕ್ಕರೆ ಏರಬಹುದು, ಮುಲಾಮಿನಿಂದ ಫಂಗಸ್ ಬರಬಹುದು. ಹಾಗೆಯೇ ಕೆಲವು ಬಿಪಿ, ಶುಗರ್ ಮಾತ್ರೆಗಳಿಂದಲೂ ಲೈಕೆನ್ ತರಹದ ಬಿಳಿ ಗೆರೆ ಬರುತ್ತದೆ. ಅಂತ ಹೇಳಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಚೀಟಿ ತಂದು ತೋರಿಸಿ, ಬದಲಿಸಬೇಕಾ ಅಂತ ಇಬ್ಬರು ಡಾಕ್ಟರು ಮಾತಾಡಿ ನಿರ್ಧರಿಸುತ್ತೇವೆ.

ಇದಕ್ಕೆಲ್ಲ ದೊಡ್ಡಾಸ್ಪತ್ರೆಗೇ ಹೋಗಬೇಕಾಗಿಲ್ಲ. 30 ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ಫಾರಂ ತರುತ್ತಾರೆ. ಸೊಂಟದ ಸುತ್ತಳತೆ ಕೇಳುವ ಅದೇ ಹಾಳೆಯಲ್ಲಿ ಬಾಯಿ ತೆರೆಯಲು ಕಷ್ಟವಾ, ಎರಡು ವಾರದಲ್ಲಿ ಮಾಯದ ಹುಣ್ಣು ಇದೆಯಾ ಅನ್ನುವ ಪ್ರಶ್ನೆಗಳೂ ಇವೆ. ಅವಸರದಲ್ಲಿ ಎಲ್ಲಕ್ಕೂ "ಇಲ್ಲ" ಅಂತ ಬರೆಸಿ ಕಳಿಸಬೇಡಿ. ಶುಗರ್, ಬಿಪಿ ನೋಡುವ ಸರ್ಕಾರಿ ಕೇಂದ್ರದಲ್ಲೇ ಬಾಯಿಯನ್ನೂ ನೋಡಬೇಕು ಅಂತ ನಿಯಮ ಇದೆ, ನೋಡದಿದ್ದರೆ ಕೇಳಿ ನೋಡಿಸಿಕೊಳ್ಳಿ. ತಂಬಾಕು ಬಿಡಲು ಸಹಾಯ ಬೇಕಾದವರು 1800-11-2356ಕ್ಕೆ ಫೋನ್ ಮಾಡಿ, ದುಡ್ಡು ಖರ್ಚಾಗುವುದಿಲ್ಲ.

ಈಗ ನೀವು ಕೇಳಿ. ಟಾರ್ಚು, ಕನ್ನಡಿ ತಂದಿದ್ದೇನೆ, ತೋರಿಸಿಕೊಳ್ಳಬೇಕು ಅನ್ನುವವರು ಆಮೇಲೆ ಈ ಪಕ್ಕದ ಕೋಣೆಗೆ ಬನ್ನಿ.