ಫೈಲ್ ಹಂಚಿಕೆ: ಯಾವ ಕಂಪ್ಯೂಟರಿನಲ್ಲಿ ಎಷ್ಟು ಸುಲಭ?

ಕೇಳುಗರಿಗೆ ನಮಸ್ಕಾರ.

ಒಂದೇ ವೈ-ಫೈ ಜಾಲದಲ್ಲಿರುವ ಎರಡು ಕಂಪ್ಯೂಟರುಗಳ ನಡುವೆ ಫೈಲು ಸಾಗಿಸಲು ಪೆನ್‌ಡ್ರೈವ್ ಹಿಡಿದು ಓಡಾಡಬೇಕಾಗಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಈಗ ಎಸ್‌ಎಂಬಿ ಎಂಬ ಒಂದೇ ಪ್ರೋಟೋಕಾಲನ್ನು, ಅಂದರೆ ಜಾಲದಲ್ಲಿ ಫೈಲು ಹಂಚಿಕೊಳ್ಳುವ ನಿಯಮಗಳನ್ನು, ಬಲ್ಲವು. 1983ರಲ್ಲಿ ಐಬಿಎಂನಲ್ಲಿ ರೂಪುಗೊಂಡ ಈ ವಿಧಾನವನ್ನು ಲಿನಕ್ಸಿಗೆ ಒದಗಿಸಿದ್ದು ಆಂಡ್ರ್ಯೂ ಟ್ರಿಡ್ಜೆಲ್ ಆರಂಭಿಸಿದ ಸಾಂಬಾ ಎಂಬ ತಂತ್ರಾಂಶ. ಆಪಲ್ ತನ್ನದೇ ಹಳೆಯ ವಿಧಾನವನ್ನು ಹಿಂದಕ್ಕೆ ಸರಿಸಿ 2013ರಲ್ಲಿ ಇದಕ್ಕೇ ಮೊದಲ ಸ್ಥಾನ ಕೊಟ್ಟಿತು. ಇಷ್ಟಾದರೂ ತೊಡಕು ಉಳಿದಿರುವುದು, ಬಾಗಿಲು ತಟ್ಟುತ್ತಿರುವವರು ಯಾರೆಂದು ವಿಚಾರಿಸುವ ರೀತಿ ಒಂದೊಂದರಲ್ಲೂ ಬೇರೆಯಾಗಿರುವುದರಿಂದ.

ಮ್ಯಾಕ್‌ನಲ್ಲಿ ಸೆಟ್ಟಿಂಗ್ಸ್‌ನ ಶೇರಿಂಗ್ ವಿಭಾಗಕ್ಕೆ ಹೋಗಿ ಫೈಲ್ ಶೇರಿಂಗ್ ಚಾಲೂ ಮಾಡಿ, ಫೋಲ್ಡರನ್ನು ಸೇರಿಸಿದರೆ ಬಹುಪಾಲು ಕೆಲಸ ಮುಗಿಯಿತು. ವಿಂಡೋಸ್‌ನಿಂದ ಬರುವವರಿಗಾಗಿ ಖಾತೆಯ ಹೆಸರಿಗೂ ಗುರುತು ಹಾಕಬೇಕೆಂಬುದು ಮಾತ್ರ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ವಿಂಡೋಸ್ ಮೇಲ್ನೋಟಕ್ಕೆ ಸರಳ, ಆದರೆ ಹೆಚ್ಚು ಮಂದಿ ಎಡವುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಜಾಲವನ್ನು ಪ್ರೈವೇಟ್ ಎಂದು ಗುರುತಿಸಿರಬೇಕು. ಜಾಲದಿಂದ ಬರುವವರಿಗೆ ಕೊಡುವ ಶೇರಿಂಗ್ ಅನುಮತಿ ಬೇರೆ, ಫೋಲ್ಡರಿಗೇ ಇರುವ ಸೆಕ್ಯುರಿಟಿ ಅನುಮತಿ ಬೇರೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಶೇರಿಂಗ್‌ನಲ್ಲಿ ಎಲ್ಲರಿಗೂ ಪೂರ್ಣ ಅಧಿಕಾರ ಕೊಟ್ಟು, ಸೆಕ್ಯುರಿಟಿಯಲ್ಲಿ ಓದುವ ಅನುಮತಿಯನ್ನಷ್ಟೇ ಬಿಟ್ಟಿದ್ದರೆ, ಆಚೆಯವರು ಫೈಲನ್ನು ತೆರೆಯಬಲ್ಲರೇ ಹೊರತು ತಿದ್ದಿ ಉಳಿಸಲಾರರು. ಇನ್ನೊಂದು ಮಾತು: ದಿನವೂ ಕಂಪ್ಯೂಟರ್ ತೆರೆಯಲು ಒತ್ತುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯದು, ಖಾತೆಯ ಪಾಸ್‌ವರ್ಡೇ ಬೇಕು.

ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸಾಂಬಾ ಸ್ಥಾಪಿಸಿ, ಅದರ ಸೆಟ್ಟಿಂಗ್‌ಗಳಿರುವ ಸಂರಚನಾ ಕಡತದಲ್ಲಿ ಫೋಲ್ಡರಿನ ವಿವರಗಳನ್ನು ಬರೆದು, ಸಾಂಬಾಗೆಂದೇ ಪ್ರತ್ಯೇಕ ಪಾಸ್‌ವರ್ಡ್ ಇಡಬೇಕಾಗುತ್ತದೆ. ಮೊದಲ ಸಲ ಇದು ಕಷ್ಟವೇ. ಆದರೆ ಹಂಚಿಕೆಯ ವಿವರಗಳು ಒಂದೇ ಕಡತದಲ್ಲಿ ಅಕ್ಷರರೂಪದಲ್ಲಿರುವುದರಿಂದ, ತಪ್ಪು ಹುಡುಕುವ ಕೆಲಸ ವಿಂಡೋಸ್‌ಗಿಂತ ಇಲ್ಲಿ ಹಗುರ ಎಂದೇ ಹೇಳುತ್ತೇನೆ.

ನೆಟ್‌ವರ್ಕ್ ಪಟ್ಟಿಯಲ್ಲಿ ಆಚೆಯ ಕಂಪ್ಯೂಟರಿನ ಹೆಸರು ಕಾಣದಿದ್ದಾಗ ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ಮತ್ತೆ ಚಾಲೂ ಮಾಡಿ ಎಂದು ಕೆಲವರು ಹೇಳುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿದ್ದು ಅದರಲ್ಲಿದ್ದ ದೋಷದ ಮೂಲಕವೇ. ಅದರ ಬದಲು ಆ ಕಂಪ್ಯೂಟರಿನ ಐಪಿ ವಿಳಾಸವನ್ನು, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆಯನ್ನು, ನೇರವಾಗಿ ಟೈಪ್ ಮಾಡಿ ನೋಡಿ. ಹೆಸರು, ಪಾಸ್‌ವರ್ಡ್ ಕೇಳುವ ಕಿಟಕಿ ತೆರೆದುಕೊಂಡರೆ ಜಾಲದ ದಾರಿ ಸರಿಯಿದೆ ಎಂದರ್ಥ. ಇನ್ನು ಪರಿಶೀಲಿಸಬೇಕಾದದ್ದು ಖಾತೆಯನ್ನು ಮತ್ತು ಅದಕ್ಕೆ ಕೊಟ್ಟ ಅನುಮತಿಯನ್ನು ಮಾತ್ರ. ನಮಸ್ಕಾರ.