ಗಡುವಿನ ಯುದ್ಧ

ಕೇಳುಗರೆಲ್ಲರಿಗೂ ನಮಸ್ಕಾರ.

ಮೊದಲ ಮಹಾಯುದ್ಧ ಹೇಗೆ ಆರಂಭವಾಯಿತು, ಹೇಗೆ ಮುಗಿಯಿತು ಎಂಬುದನ್ನು ಹದಿನೈದು ನಿಮಿಷಗಳಲ್ಲಿ ಹೇಳಬೇಕೆಂದು ನಿಲಯದವರು ಕೇಳಿದಾಗ ನಾನು ಕೂಡಲೇ ಒಪ್ಪಿಕೊಂಡೆ. ಅದಕ್ಕೊಂದು ಸ್ವಾರ್ಥವಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇತಿಹಾಸ ಪಾಠ ಮಾಡಿ ಉತ್ತರಪತ್ರಿಕೆ ತಿದ್ದಿದವನು ನಾನು. "ಯುದ್ಧದ ತಕ್ಷಣದ ಕಾರಣ: ಆಸ್ಟ್ರಿಯಾದ ಯುವರಾಜನ ಕೊಲೆ" ಎಂಬ ಸಾಲನ್ನು ಅದೆಷ್ಟು ಸಾವಿರ ಸಲ ಓದಿದ್ದೇನೋ, ಪ್ರತಿ ಸಲವೂ ಅದಕ್ಕೆ ಅಂಕ ಕೊಟ್ಟಿದ್ದೇನೆ. ಆ ಅಂಕಗಳನ್ನು ಈಗ ಹಿಂದಕ್ಕೆ ಪಡೆಯಲಾಗದು. ಆದರೆ ಈಗ ರೇಡಿಯೊ ಹಚ್ಚಿಕೊಂಡು, ಪಕ್ಕದಲ್ಲಿ ಗೈಡ್ ಇಟ್ಟುಕೊಂಡು ಕುಳಿತಿರುವ ವಿದ್ಯಾರ್ಥಿಗಳಿಗಾದರೂ ಒಂದು ಮಾತು ಹೇಳಬಹುದು: ಈ ಯುದ್ಧವನ್ನು ಹೊತ್ತಿಸಿದ್ದು ಗುಂಡಲ್ಲ, ಗಡುವು. ನನ್ನ ಭಾಷಣದಲ್ಲಿ ಬೇರೆಲ್ಲ ಮರೆತರೂ ಚಿಂತೆಯಿಲ್ಲ, ಗಡುವು ಎಂಬ ಈ ಒಂದು ಪದ ನೆನಪಿನಲ್ಲಿದ್ದರೆ ಸಾಕು.

ಗುಂಡು ಹಾರಿದ್ದು ನಿಜ. 1914ರ ಜೂನ್ 28ರಂದು, ಬಾಸ್ನಿಯಾದ ಸರಾಯೆವೊ ನಗರದಲ್ಲಿ, ಹತ್ತೊಂಬತ್ತು ವರ್ಷದ ಗಾವ್ರಿಲೊ ಪ್ರಿನ್ಸಿಪ್ ಎಂಬ ಹುಡುಗ ಆಸ್ಟ್ರಿಯಾ-ಹಂಗೆರಿಯ ಉತ್ತರಾಧಿಕಾರಿ ಫ್ರಾನ್ಸ್ ಫರ್ಡಿನೆಂಡನನ್ನೂ ಆತನ ಪತ್ನಿ ಸೋಫಿಯನ್ನೂ ಕೊಂದ. ಆದರೆ ಮಹಾಯುದ್ಧ ಆರಂಭವಾದದ್ದು ಐದು ವಾರಗಳ ನಂತರ. ಆ ಐದು ವಾರಗಳಲ್ಲಿ ಏನಾಯಿತು ಎಂದು ಕೇಳಿದರೆ ನಮ್ಮ ಮಕ್ಕಳು ಮುಖ ನೋಡುತ್ತಾರೆ. ಸಾಮ್ರಾಜ್ಯಶಾಹಿ, ಗುಪ್ತ ಒಪ್ಪಂದಗಳು, ಶಸ್ತ್ರಾಸ್ತ್ರ ಪೈಪೋಟಿ ಎಂದು ಪಟ್ಟಿ ಒಪ್ಪಿಸುತ್ತಾರೆ. ಆ ಕಾರಣಗಳೆಲ್ಲ 1912ರಲ್ಲೂ ಇದ್ದವು, 1913ರಲ್ಲೂ ಇದ್ದವು. ಆಗ ಬಾಲ್ಕನ್ ಪ್ರದೇಶದಲ್ಲಿ ಎರಡು ಯುದ್ಧಗಳೇ ನಡೆದರೂ ದೊಡ್ಡ ಸಾಮ್ರಾಜ್ಯಗಳು ಪರಸ್ಪರ ಕೈ ಮಾಡಲಿಲ್ಲ. ಹಾಗಾದರೆ 1914ರಲ್ಲಿ ಹೊಸದಾಗಿ ಬಂದದ್ದೇನು?

ಮೊದಲ ಗಡುವು ನಲವತ್ತೆಂಟು ಗಂಟೆಗಳದು. ಕೊಲೆಯ ಹಿಂದೆ ಸರ್ಬಿಯಾದ ಕೈವಾಡವಿದೆ ಎಂದು ತೀರ್ಮಾನಿಸಿದ ಆಸ್ಟ್ರಿಯಾ, ಮೊದಲು ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮನಿಂದ "ಏನೇ ಆಗಲಿ, ನಿಮ್ಮ ಬೆನ್ನಿಗೆ ನಾವಿದ್ದೇವೆ" ಎಂಬ ಭರವಸೆ ಪಡೆದುಕೊಂಡು, ಜುಲೈ 23ರ ಸಂಜೆ ಆರು ಗಂಟೆಗೆ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನಲ್ಲಿ ಹತ್ತು ಬೇಡಿಕೆಗಳ ಪತ್ರ ಕೊಟ್ಟಿತು. 25ರ ಸಂಜೆ, ಆರು ಗಂಟೆಗೆ ಕೆಲವೇ ನಿಮಿಷ ಇರುವಾಗ, ಸರ್ಬಿಯಾದ ಪ್ರಧಾನಿ ಪಾಶಿಚ್ ತಾನೇ ಉತ್ತರ ಹಿಡಿದುಕೊಂಡು ಆಸ್ಟ್ರಿಯಾದ ರಾಯಭಾರಿಯ ಬಳಿಗೆ ಬಂದ. ಬೇಡಿಕೆಗಳಲ್ಲಿ ಬಹುಪಾಲನ್ನು ಸರ್ಬಿಯಾ ಒಪ್ಪಿಕೊಂಡಿತ್ತು. ಆದರೆ ರಾಯಭಾರಿಯ ಗಂಟುಮೂಟೆ ಆಗಲೇ ಸಿದ್ಧವಾಗಿತ್ತು. ಆತ ಕಾಗದದ ಮೇಲೆ ಕಣ್ಣಾಡಿಸಿ, ಸಂಬಂಧ ಮುರಿಯಿತೆಂದು ಬರೆದು ಕಳುಹಿಸಿ, ಆರೂವರೆಯ ರೈಲು ಹತ್ತಿ ಹೊರಟುಹೋದ. ಮೂರು ದಿನಗಳ ನಂತರ ಅದೇ ಉತ್ತರವನ್ನು ನಿಧಾನವಾಗಿ ಓದಿದ ವಿಲ್ಹೆಲ್ಮ್, ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲ ಎಂದು ಬರೆದಿಟ್ಟ. ಆಸ್ಟ್ರಿಯಾ ಸರ್ಬಿಯಾದ ಮೇಲೆ ತಂತಿಯ ಮೂಲಕ ಯುದ್ಧ ಸಾರಿದ್ದು ಅದೇ ದಿನ, ಜುಲೈ 28ರಂದು. ಓದಲು ಮೂರು ದಿನ ಬೇಕಾದ ಕಾಗದಕ್ಕೆ ಕೊಟ್ಟ ಕಾಲ ಅರ್ಧ ಗಂಟೆ!

ಈಗ ರಷ್ಯಾ. ಸರ್ಬಿಯಾದ ಬೆಂಬಲಿಗ ರಷ್ಯಾ, ಅದರ ಚಕ್ರವರ್ತಿ ಎರಡನೆಯ ನಿಕೊಲಾಸ್. ಇಲ್ಲಿ ನಂಟಸ್ತಿಕೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಂಗ್ಲಿಷ್ ಪುಸ್ತಕಗಳು ಎಲ್ಲರನ್ನೂ "ಕಸಿನ್" ಎಂಬ ಒಂದೇ ಚೀಲಕ್ಕೆ ತುಂಬಿಬಿಡುತ್ತವೆ. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ವಿಲ್ಹೆಲ್ಮ್ ಸೋದರತ್ತೆಯ ಮಗ, ಅಂದರೆ ಭಾವ. ಜಾರ್ಜ್ ಮತ್ತು ನಿಕೊಲಾಸ್ ಅಕ್ಕತಂಗಿಯರ ಮಕ್ಕಳು, ನಮ್ಮ ಲೆಕ್ಕದಲ್ಲಿ ಅಣ್ಣತಮ್ಮಂದಿರು. ನಿಕೊಲಾಸನ ಹೆಂಡತಿ ವಿಲ್ಹೆಲ್ಮನಿಗೆ ಚಿಕ್ಕಮ್ಮನ ಮಗಳು. ಹಾಗಾಗಿ ಜರ್ಮನಿಯ ದೊರೆಯೂ ರಷ್ಯಾದ ದೊರೆಯೂ ಭಾವಮೈದುನರು. ಈ ಭಾವಮೈದುನರು ಜುಲೈ ಕೊನೆಯ ದಿನಗಳಲ್ಲಿ "ವಿಲ್ಲಿ", "ನಿಕಿ" ಎಂದು ಸಹಿ ಹಾಕಿ, ಇಂಗ್ಲಿಷಿನಲ್ಲಿ, ಯುದ್ಧ ತಪ್ಪಿಸೋಣ ಎಂದು ಪರಸ್ಪರ ತಂತಿ ಕಳುಹಿಸುತ್ತಲೇ ಇದ್ದರು. 29ರ ರಾತ್ರಿ ವಿಲ್ಲಿಯ ತಂತಿ ಓದಿ ನಿಕಿ, ಆಗಷ್ಟೇ ಒಪ್ಪಿದ್ದ ಪೂರ್ಣ ಸೇನಾ ಜಮಾವಣೆಯನ್ನು, ಅಂದರೆ ಇಡೀ ಸೈನ್ಯವನ್ನು ಯುದ್ಧಕ್ಕೆ ಸಜ್ಜುಗೊಳಿಸಿ ಗಡಿಗೆ ಸಾಗಿಸುವ ಕೆಲಸವನ್ನು, ರದ್ದು ಮಾಡಿದ. ಸೇನಾಧಿಕಾರಿಗಳಿಗೆ ದಿಗಿಲಾಯಿತು: ನಮ್ಮದು ವಿಶಾಲ ದೇಶ, ರೈಲುಗಳು ಕಡಿಮೆ, ಒಂದು ದಿನ ತಡವಾದರೂ ಜರ್ಮನಿ ಮುಂದಾಗುತ್ತದೆ. ಮರುದಿನ ಮಧ್ಯಾಹ್ನ ಅವನನ್ನು ಮತ್ತೆ ಒಪ್ಪಿಸಿದರು. ಜಮಾವಣೆ ನಿಲ್ಲಿಸಿ ಎಂದು ಜರ್ಮನಿ ಕೂಡಲೇ ಹನ್ನೆರಡು ಗಂಟೆಗಳ ಗಡುವು ಕೊಟ್ಟಿತು. ಉತ್ತರ ಬರಲಿಲ್ಲ. ಆಗಸ್ಟ್ 1ರ ಸಂಜೆ ಜರ್ಮನಿ ರಷ್ಯಾದ ಮೇಲೆ ಯುದ್ಧ ಸಾರಿತು.

ಆ ಸಂಜೆ ಬರ್ಲಿನ್ನಿನ ಅರಮನೆಯಲ್ಲಿ ನಡೆದದ್ದನ್ನು ಹೇಳದೆ ನಾನು ಮುಂದಕ್ಕೆ ಹೋಗಲಾರೆ. ನನ್ನ ತರಗತಿಯಲ್ಲಿ ಕುಳಿತವರಿಗೆ ಇದು ಹಳೆಯ ಕಥೆ, ಅವರು ಕ್ಷಮಿಸಬೇಕು. ಸುಮಾರು ಐದು ಗಂಟೆಗೆ ವಿಲ್ಹೆಲ್ಮ್ ಜಮಾವಣೆಯ ಆದೇಶಕ್ಕೆ ಸಹಿ ಹಾಕಿದ. ಸೇನಾ ಮುಖ್ಯಸ್ಥ ಹೆಲ್ಮುಟ್ ಫಾನ್ ಮೋಲ್ಟ್‌ಕೆ ಅದನ್ನು ತೆಗೆದುಕೊಂಡು ಕಾರು ಹತ್ತಿದ. ಅಷ್ಟರಲ್ಲಿ ಲಂಡನ್ನಿನಿಂದ ಜರ್ಮನ್ ರಾಯಭಾರಿ ಲಿಖ್ನೊವ್‌ಸ್ಕಿಯ ತಂತಿ ಬಂತು. ಜರ್ಮನಿಯು ರಷ್ಯಾದ ಮಿತ್ರದೇಶ ಫ್ರಾನ್ಸಿನ ಮೇಲೆ ಬೀಳದಿದ್ದರೆ ಬ್ರಿಟನ್ ಸುಮ್ಮನಿರಬಹುದು ಎಂಬುದು ಅದರ ಸಾರ. ವಿಲ್ಹೆಲ್ಮನಿಗೆ ಎಲ್ಲಿಲ್ಲದ ಸಂತೋಷ. ಮೋಲ್ಟ್‌ಕೆಯನ್ನು ದಾರಿಯಿಂದಲೇ ಹಿಂದಕ್ಕೆ ಕರೆಸಿ, ಹಾಗಾದರೆ ಇಡೀ ಸೈನ್ಯವನ್ನು ಪೂರ್ವಕ್ಕೆ, ರಷ್ಯಾದ ಕಡೆಗೆ ತಿರುಗಿಸಿದರಾಯಿತು ಎಂದ.

ಮೋಲ್ಟ್‌ಕೆ ಸಾಧ್ಯವಿಲ್ಲ ಎಂದ. ಬೇಡ ಎನ್ನಲಿಲ್ಲ ಎಂಬುದನ್ನು ಗಮನಿಸಿ, ಅವನು ಹೇಳಿದ್ದು ಆಗುವುದಿಲ್ಲ ಎಂದು. ಜರ್ಮನಿಯ ಬಳಿ ಇದ್ದದ್ದು ಒಂದೇ ಯೋಜನೆ: ಮೊದಲು ಬೆಲ್ಜಿಯಂ ಮೂಲಕ ನುಗ್ಗಿ ಫ್ರಾನ್ಸನ್ನು ಕೆಲವೇ ವಾರಗಳಲ್ಲಿ ಮಣಿಸುವುದು, ರಷ್ಯಾ ನಿಧಾನವಾಗಿ ಎದ್ದು ಬರುವಷ್ಟರಲ್ಲಿ ಆ ಕಡೆಗೆ ತಿರುಗುವುದು. ಯಾವ ರೈಲು ಯಾವ ಹಳಿಯ ಮೇಲೆ ಎಷ್ಟು ಗಂಟೆಗೆ ಹೊರಡಬೇಕು, ಯಾವ ಸೇತುವೆಯನ್ನು ಯಾವಾಗ ದಾಟಬೇಕು ಎಂಬುದೆಲ್ಲ ಶಾಂತಿಕಾಲದಲ್ಲೇ ಬರೆದಿಟ್ಟ ವೇಳಾಪಟ್ಟಿಯಲ್ಲಿತ್ತು. ಕಲೋನ್ ನಗರದ ರೈನ್ ಸೇತುವೆಯ ಮೇಲೆ ಆ ಆಗಸ್ಟ್ ತಿಂಗಳಲ್ಲಿ ಹಗಲೂ ರಾತ್ರಿ ಸುಮಾರು ಹತ್ತು ನಿಮಿಷಕ್ಕೊಂದರಂತೆ ಸೈನಿಕ ರೈಲುಗಳು ಹಾದುಹೋದವೆಂದರೆ ತಾವೇ ಊಹಿಸಿಕೊಳ್ಳಿ. ಹತ್ತು ಲಕ್ಷ ಜನರನ್ನು ಒಂದು ಸಂಜೆಯಲ್ಲಿ ತಿರುಗಿಸಹೊರಟರೆ ಅಲ್ಲಿ ತಲುಪುವುದು ಸೈನ್ಯವಲ್ಲ, ಅನ್ನಾಹಾರವಿಲ್ಲದ, ಗೊತ್ತುಗುರಿಯಿಲ್ಲದ ಗುಂಪು ಎಂಬುದು ಮೋಲ್ಟ್‌ಕೆಯ ವಾದ. ಅದಕ್ಕೆ ವಿಲ್ಹೆಲ್ಮ್, "ನಿಮ್ಮ ದೊಡ್ಡಪ್ಪನಾಗಿದ್ದರೆ ಬೇರೆ ಉತ್ತರ ಕೊಡುತ್ತಿದ್ದರು" ಎಂದುಬಿಟ್ಟ. ಆ ದೊಡ್ಡಪ್ಪನ ಹೆಸರೂ ಹೆಲ್ಮುಟ್ ಫಾನ್ ಮೋಲ್ಟ್‌ಕೆಯೇ, 1870ರಲ್ಲಿ ಫ್ರಾನ್ಸನ್ನು ಸೋಲಿಸಿದ ಮಹಾ ಸೇನಾನಿ. ಅಣ್ಣನ ಹೆಸರಿನ ನೆರಳಿನಲ್ಲಿ ತಮ್ಮನ ಮಗ ಜೀವಮಾನವೆಲ್ಲ ಬದುಕಿದ್ದ. ಸಭೆಯಲ್ಲಿ ಎಲ್ಲರೆದುರು ಬಿದ್ದ ಆ ಮಾತು ಎಲ್ಲಿಗೆ ತಾಗಿರಬೇಕು!

ಅಷ್ಟಕ್ಕೇ ಮುಗಿಯಲಿಲ್ಲ. ಫ್ರಾನ್ಸಿನ ದಾರಿಯಲ್ಲಿದ್ದ ಪುಟ್ಟ ದೇಶ ಲಕ್ಸೆಂಬರ್ಗಿನ ಗಡಿ ದಾಟಬೇಡಿ ಎಂದು ಚಕ್ರವರ್ತಿ ನೇರವಾಗಿ ಟ್ರೀರ್ ಪಟ್ಟಣದಲ್ಲಿದ್ದ ದಳಕ್ಕೆ ಆಜ್ಞೆ ಕಳುಹಿಸಿದ. ಆದರೆ ಸಂಜೆ ಏಳು ಗಂಟೆಯ ಹೊತ್ತಿಗೆ ಒಂದು ಸಣ್ಣ ತುಕಡಿ, ಮೊದಲೇ ಬರೆದಿಟ್ಟ ವೇಳಾಪಟ್ಟಿಯಂತೆ, ಗಡಿ ದಾಟಿ ಒಂದು ರೈಲು ನಿಲ್ದಾಣವನ್ನು ವಶಪಡಿಸಿಕೊಂಡಾಗಿತ್ತು. ಅರ್ಧ ಗಂಟೆಯ ನಂತರ ಇನ್ನೊಂದು ತುಕಡಿ ಬಂದು, ತಪ್ಪಾಗಿದೆ, ಹಿಂದಕ್ಕೆ ನಡೆಯಿರಿ ಎಂದಿತು. ಇತ್ತ ಮೋಲ್ಟ್‌ಕೆ ಮನೆಗೆ ಹೋಗಿ ಅತ್ತ. ಗಡಿ ದಾಟಬಾರದೆಂಬ ಆಜ್ಞೆಯ ಕಾಗದ ಮುಂದಿಟ್ಟರೆ ಸಹಿ ಹಾಕಲಿಲ್ಲ. ರಾತ್ರಿ ಹನ್ನೊಂದಕ್ಕೆ ಅರಮನೆಯಿಂದ ಮತ್ತೆ ಕರೆ. ಮಲಗುವ ಅಂಗಿಯ ಮೇಲೆ ಸೈನಿಕ ಕೋಟು ಹೊದ್ದು ನಿಂತಿದ್ದ ಚಕ್ರವರ್ತಿ ಜಾರ್ಜ್ ದೊರೆಯ ತಂತಿ ತೋರಿಸಿದ. ಲಂಡನ್ನಿನ ಮಾತಿನಲ್ಲಿ ಏನೋ ತಪ್ಪು ತಿಳಿವಳಿಕೆಯಾಗಿದೆ ಎಂದು ಅದರಲ್ಲಿತ್ತು. ಇನ್ನು ನಿಮಗೆ ಬೇಕಾದಂತೆ ಮಾಡಿ ಎಂದು ಹೇಳಿ ವಿಲ್ಹೆಲ್ಮ್ ಅವನನ್ನು ಕಳುಹಿಸಿದ. ಮರುದಿನ ಲಕ್ಸೆಂಬರ್ಗ್ ಹೋಯಿತು, 3ರಂದು ಫ್ರಾನ್ಸಿನ ಮೇಲೆ ಯುದ್ಧ ಘೋಷಣೆಯಾಯಿತು, 4ರಂದು ಬೆಲ್ಜಿಯಂ ಮೇಲೆ ದಾಳಿಯಾಯಿತು. ಬೆಲ್ಜಿಯಂನ ತಟಸ್ಥತೆಗೆ 1839ರಲ್ಲಿ ಮಾತು ಕೊಟ್ಟಿದ್ದ ಬ್ರಿಟನ್ ತಾನೂ ಒಂದು ಗಡುವು ಕೊಟ್ಟು, ಅದು ಮುಗಿದ ಕೂಡಲೇ, ಅಂದರೆ ಲಂಡನ್ನಿನ ರಾತ್ರಿ ಹನ್ನೊಂದು ಗಂಟೆಗೆ, ಯುದ್ಧಕ್ಕೆ ಇಳಿಯಿತು. ಸ್ವಾರಸ್ಯವೆಂದರೆ, ಜರ್ಮನ್ ಸೇನೆಯ ರೈಲ್ವೆ ವಿಭಾಗದ ಮುಖ್ಯಸ್ಥನಾಗಿದ್ದವನೇ ಯುದ್ಧದ ನಂತರ, ಆ ಸಂಜೆ ಆಜ್ಞೆ ಬಂದಿದ್ದರೆ ರೈಲುಗಳನ್ನು ಪೂರ್ವಕ್ಕೆ ತಿರುಗಿಸಬಹುದಿತ್ತು ಎಂದು ಪುಸ್ತಕವನ್ನೇ ಬರೆದು ಲೆಕ್ಕ ತೋರಿಸಿದ.

ಬರೆದುಕೊಂಡು ಬಂದ ಹಾಳೆಗಳಲ್ಲಿ ಹೆಚ್ಚಿನವು ಈ ಒಂದು ಸಂಜೆಗೇ ಹೋದವು. ನಾಲ್ಕು ವರ್ಷಗಳ ಕದನಗಳನ್ನು ತಾವು ಪಠ್ಯಪುಸ್ತಕದಲ್ಲಿ ಓದಿಕೊಳ್ಳಬೇಕು. ಫ್ರಾನ್ಸ್ ಕೆಲವು ವಾರಗಳಲ್ಲಿ ಮಣಿಯಲಿಲ್ಲ, ಎರಡೂ ಕಡೆಯವರು ಕಂದಕ ತೋಡಿ ಕುಳಿತರು, ತೊಂಬತ್ತು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಭಾರತವನ್ನು ಯಾರೂ ಒಂದು ಮಾತು ಕೇಳಲಿಲ್ಲ. ಬ್ರಿಟನ್ ಯುದ್ಧ ಸಾರಿದ ಗಳಿಗೆಯಲ್ಲೇ ಭಾರತವೂ ಯುದ್ಧದಲ್ಲಿತ್ತು, ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರ ದಾಟಿದರು.

ಕೊನೆಯ ಅಂಕ 1918ರದು. 1917ರಲ್ಲಿ ಅಮೆರಿಕ ಬಂತು, ಕ್ರಾಂತಿಯಾದ ರಷ್ಯಾ 1918ರ ಮಾರ್ಚಿನಲ್ಲಿ ಒಪ್ಪಂದ ಮಾಡಿಕೊಂಡು ಹೊರಟಿತು. ಅದೇ ತಿಂಗಳು ಜರ್ಮನಿ ಪಶ್ಚಿಮದಲ್ಲಿ ಕೊನೆಯ ದೊಡ್ಡ ದಾಳಿ ಮಾಡಿ ಬಸವಳಿಯಿತು. ಬಳಿಕ ಅದರ ಜೊತೆಗಾರರು ಒಬ್ಬೊಬ್ಬರಾಗಿ ಕಳಚಿಕೊಂಡರು. ಇಲ್ಲಿ ನಮ್ಮವರು ಬರುತ್ತಾರೆ. ಸೆಪ್ಟೆಂಬರ್ 23ರಂದು, ಜರ್ಮನಿಯ ಜೊತೆಗಾರ ತುರ್ಕಿಯ ಕೈಯಲ್ಲಿದ್ದ ಪ್ಯಾಲೆಸ್ಟೈನಿನ ಹೈಫಾ ಪಟ್ಟಣದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಲ್ಯಾನ್ಸರ್ಸ್ ಪಡೆಯ ಸವಾರರು ಫಿರಂಗಿಗಳಿದ್ದ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿದರು, ಜೋಧಪುರದವರು ಕೆಳಗಿನಿಂದ ಊರಿನೊಳಗೆ ಕುದುರೆ ನುಗ್ಗಿಸಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ, ಆ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡುವವರು ಒಮ್ಮೆ ಇಳಿದು ನೋಡಬೇಕು. ಒಂದು ವಾರದೊಳಗೆ ಬಲ್ಗೇರಿಯಾ, ಅಕ್ಟೋಬರ್ 30ರಂದು ತುರ್ಕಿ, ನವೆಂಬರ್ 3ರಂದು ಆಸ್ಟ್ರಿಯಾ ಕದನವಿರಾಮಕ್ಕೆ ಸಹಿ ಹಾಕಿದವು. ಕೀಲ್ ಬಂದರಿನಲ್ಲಿ ಜರ್ಮನ್ ನಾವಿಕರು ದಂಗೆ ಎದ್ದರು. ವಿಲ್ಹೆಲ್ಮ್ ನೆದರ್ಲೆಂಡಿಗೆ ಓಡಿದ.

ನವೆಂಬರ್ 8ರ ಬೆಳಿಗ್ಗೆ ಫ್ರಾನ್ಸಿನ ಕಾಂಪ್ಯೇನ್ ಕಾಡಿನಲ್ಲಿ ಒಂದು ರೈಲು ಬೋಗಿ ನಿಂತಿತ್ತು. ಒಳಗೆ ಫ್ರೆಂಚ್ ಸೇನಾನಿ ಫೋಶ್, ಎದುರಿಗೆ ಜರ್ಮನಿಯ ನಿಯೋಗದ ನಾಯಕ ಎರ್ಜ್‌ಬರ್ಗರ್. ಫೋಶ್ ಕದನವಿರಾಮದ ಷರತ್ತುಗಳನ್ನು ಓದಿಸಿ ಎಪ್ಪತ್ತೆರಡು ಗಂಟೆಗಳ ಗಡುವು ಕೊಟ್ಟ. ಅಷ್ಟರವರೆಗೆ ಹೋರಾಟವನ್ನಾದರೂ ನಿಲ್ಲಿಸಿ ಎಂದು ಜರ್ಮನರು ಕೇಳಿದರು, ಅವನು ಒಪ್ಪಲಿಲ್ಲ. 11ರ ಬೆಳಿಗ್ಗೆ ಐದು ಗಂಟೆ ಕಳೆದು ಕೆಲವು ನಿಮಿಷಕ್ಕೆ ಸಹಿ ಬಿತ್ತು. ಆದರೆ ಜಾರಿಗೆ ಬಂದದ್ದು ಹನ್ನೊಂದು ಗಂಟೆಗೆ. ಯುದ್ಧ ಮುಗಿಯಿತೆಂದು ಗೊತ್ತಿದ್ದೂ ಫಿರಂಗಿಗಳು ಆ ಆರು ಗಂಟೆ ಕಾಲ ಮೊಳಗುತ್ತಲೇ ಇದ್ದವು. ಆ ಕೊನೆಯ ದಿನ ಸತ್ತವರು ಸುಮಾರು 2,700 ಮಂದಿ.

ಶಾಂತಿ ಒಪ್ಪಂದಕ್ಕೂ ಗಡುವಿತ್ತು ಎಂದರೆ ತಾವು ನಗಬಹುದು. 1919ರ ಜೂನ್ 23ರ ಸಂಜೆ ಏಳು ಗಂಟೆಯೊಳಗೆ ಒಪ್ಪದಿದ್ದರೆ ಮತ್ತೆ ಸೈನ್ಯ ನಡೆಸುತ್ತೇವೆ ಎಂದು ಗೆದ್ದವರು ಹೇಳಿದ್ದರು, ಜರ್ಮನಿಯ ಒಪ್ಪಿಗೆ ಬಂದು ತಲುಪಿದ್ದು ಎರಡು ಗಂಟೆಗೂ ಕಡಿಮೆ ಕಾಲ ಉಳಿದಿರುವಾಗ. ವರ್ಸೇಲ್ಸ್ ಅರಮನೆಯಲ್ಲಿ ಸಹಿಯಾದದ್ದು ಜೂನ್ 28ರಂದು, ಸರಾಯೆವೊದಲ್ಲಿ ಗುಂಡು ಹಾರಿ ಸರಿಯಾಗಿ ಐದು ವರ್ಷಕ್ಕೆ. ಇದನ್ನು ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುತ್ತದೋ ಇಲ್ಲವೋ ನಾನು ಹೇಳಲಾರೆ, ನಾನಾಗಿದ್ದರೆ ಕೊಡುತ್ತಿದ್ದೆ. ನಮಸ್ಕಾರ.