ದೋಷಪರಿಹಾರಕ ದಿನ: ಶುದ್ಧಿಯಾದದ್ದು ಯಾವುದು?

ಮಾನ್ಯರೇ,

ಬೈಬಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ ದೋಷಪರಿಹಾರಕ ದಿನದ ವಿಧಿಯನ್ನು ಹೇಳುವ 16ನೆಯ ಅಧ್ಯಾಯ ತೊಡಗುವುದೇ ಎರಡು ಸಾವುಗಳ ನೆನಪಿನಿಂದ. ಮಹಾಯಾಜಕನಾದ ಆರೋನನ ಮಕ್ಕಳಾದ ನಾದಾಬ್ ಮತ್ತು ಅಬೀಹು ದೇವರು ಆಜ್ಞಾಪಿಸದ ಬೆಂಕಿಯನ್ನು ಸನ್ನಿಧಿಗೆ ತಂದು ಅಲ್ಲಿಯೇ ಸತ್ತಿದ್ದರು. ಆದ್ದರಿಂದ ಮಹಾಯಾಜಕನೂ ತನಗೆ ಇಷ್ಟಬಂದಾಗ ದೇವದರ್ಶನದ ಗುಡಾರದಲ್ಲಿ ಮಹಾಪವಿತ್ರಸ್ಥಾನವನ್ನು ಮರೆಮಾಡುವ ಪರದೆಯ ಒಳಕ್ಕೆ ಹೋಗಕೂಡದೆಂದು ಮೋಶೆಯ ಮೂಲಕ ಅಪ್ಪಣೆಯಾಗುತ್ತದೆ. ವರ್ಷಕ್ಕೊಮ್ಮೆ, ಏಳನೆಯ ತಿಂಗಳ ಹತ್ತನೆಯ ದಿನ, ಅವನು ಸ್ನಾನಮಾಡಿ, ತನ್ನ ಪದವಿಯ ವೈಭವದ ಉಡುಪನ್ನು ಬಿಟ್ಟು ಸರಳವಾದ ನಾರುಬಟ್ಟೆ ಉಟ್ಟು, ಧೂಪದ ಹೊಗೆ ಒಡಂಬಡಿಕೆಯ ಮಂಜೂಷದ ಮುಚ್ಚಳವಾದ ಕೃಪಾಸನವನ್ನು ಮರೆಮಾಡಿದ ಮೇಲೆಯೇ ಅದರ ಮುಂದೆ ರಕ್ತವನ್ನು ಚಿಮುಕಿಸಬೇಕು: ಮೊದಲು ತನಗಾಗಿಯೂ ತನ್ನ ಮನೆತನಕ್ಕಾಗಿಯೂ ಹೋರಿಯ ರಕ್ತ, ಅನಂತರ ಜನರಿಗಾಗಿ ಹೋತದ ರಕ್ತ.

ಆ ರಕ್ತ ಎಲ್ಲಿ ಬೀಳುತ್ತದೆ ಎಂಬುದನ್ನು ಗಮನಿಸಬೇಕೆಂದು ಕೋರುತ್ತೇನೆ. ಕೃಪಾಸನದ ಮೇಲೆ, ಅದರ ಮುಂದೆ ಏಳು ಸಾರಿ, ಕೊನೆಗೆ ಯಜ್ಞವೇದಿಯ ಮೂಲೆಗಳ ಕೊಂಬುಗಳ ಮೇಲೆ. ಆ ದಿನ ಯಾವ ಮನುಷ್ಯನ ಮೇಲೂ ಒಂದು ಹನಿ ಬೀಳುವುದಿಲ್ಲ. ಯಾಜಕರನ್ನು ಪ್ರತಿಷ್ಠಿಸುವ ವಿಧಿಯಲ್ಲಿಯೂ ಕುಷ್ಠರೋಗಿಯ ಶುದ್ಧೀಕರಣದಲ್ಲಿಯೂ ರಕ್ತ ಮೈಗೆ ತಗಲುತ್ತದೆ, ನಿಜ. ಆದರೆ ಇಲ್ಲಿ ಶುದ್ಧಿಯಾಗುವುದು ದೇವರ ಮನೆ. ಇಸ್ರಾಯೇಲ್ಯರ ಅಶುದ್ಧತೆಗಳ ನಡುವೆ ನೆಲೆಸಿರುವ ಗುಡಾರಕ್ಕಾಗಿ ದೋಷಪರಿಹಾರ ಮಾಡಬೇಕೆಂದು 16ನೆಯ ವಚನವೇ ಹೇಳುತ್ತದೆ. ಒಲೆಯ ಹೊಗೆ ಕುಳಿತವರಿಗೆ ತಿಳಿಯದಂತೆ ಜಂತೆಯನ್ನು ಕಪ್ಪಾಗಿಸುವ ಹಾಗೆ, ಜನರ ದೋಷ ಪವಿತ್ರಸ್ಥಾನಕ್ಕೆ ಹತ್ತುತ್ತದೆ. ಈ ಓದನ್ನು ಕಳೆದ ಶತಮಾನದಲ್ಲಿ ವಿಸ್ತಾರವಾಗಿ ಮಂಡಿಸಿದವರು ಯೆಹೂದಿ ವಿದ್ವಾಂಸ ಜೇಕಬ್ ಮಿಲ್‌ಗ್ರಾಮ್. ನಾಲ್ಕನೆಯ ಅಧ್ಯಾಯದ ಕ್ರಮವೂ ಇದಕ್ಕೆ ಒಪ್ಪುತ್ತದೆ: ಸಾಮಾನ್ಯನೊಬ್ಬನು ತಿಳಿಯದೆ ಮಾಡಿದ ಪಾಪಕ್ಕೆ ರಕ್ತವನ್ನು ಅಂಗಳದ ವೇದಿಗೆ ಹಚ್ಚಿದರೆ ಸಾಕು, ಮಹಾಯಾಜಕನೋ ಇಡೀ ಸಭೆಯೋ ತಪ್ಪಿದರೆ ಅದು ಒಳಗಿನ ಧೂಪವೇದಿಯವರೆಗೆ ಹೋಗಬೇಕು. ಹೊಣೆ ದೊಡ್ಡದಾದಷ್ಟೂ ಕಲೆ ಒಳಕ್ಕೆ ಇಳಿಯುತ್ತದೆ.

ಅಶುದ್ಧತೆಯೆಲ್ಲವೂ ಪಾಪವಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಹೆರಿಗೆ, ಮುಟ್ಟು, ಶವಸ್ಪರ್ಶ ಇವು ಅಶುದ್ಧಗೊಳಿಸುತ್ತವೆ, ಅಪರಾಧಿಯನ್ನಾಗಿಸುವುದಿಲ್ಲ. ಮರಿಯಳು ಯೇಸುವನ್ನು ಹೆತ್ತ ಮೇಲೆ ಬಡವರ ಕಾಣಿಕೆಯಾದ ಜೋಡಿ ಹಕ್ಕಿಗಳನ್ನು ಅರ್ಪಿಸಿದ್ದು ಪಾಪಕ್ಕಾಗಿ ಅಲ್ಲ. ಮಡಿ-ಮೈಲಿಗೆಯ ಮಾತು ಕೇಳಿ ಬೆಳೆದ ನಮಗೆ ಇನ್ನೊಂದು ಎಚ್ಚರವೂ ಬೇಕು: ಹುಟ್ಟಿನಿಂದಲೇ ಅಶುದ್ಧವಾದ ಒಂದು ಜನವರ್ಗ ಯಾಜಕಕಾಂಡದಲ್ಲಿ ಇಲ್ಲ.

ಆ ದಿನ ಜನರಿಗಾಗಿ ತರುವ ಎರಡು ಹೋತಗಳಲ್ಲಿ ಎರಡನೆಯದು ಸಾಯುವುದಿಲ್ಲ. ಚೀಟು ಹಾಕಿ, ಯಾರೆಂದು ಇನ್ನೂ ವಿವಾದವಿರುವ ಅಜಾಜೇಲನಿಗೆಂದು ಆರಿಸಿದ ಅದರ ತಲೆಯ ಮೇಲೆ ಆರೋನನು ಎರಡೂ ಕೈಗಳನ್ನಿಟ್ಟು ಜನರ ಅಪರಾಧಗಳನ್ನೆಲ್ಲ ಅರಿಕೆಮಾಡಿ, ಅದನ್ನು ಅಡವಿಗೆ ಕಳುಹಿಸುತ್ತಾನೆ. ಕ್ರೈಸ್ತ ಪ್ರಸಂಗಗಳಲ್ಲಿ ಈ ಹೋತವೇ ಯೇಸುವೆಂದು ಮತ್ತೆ ಮತ್ತೆ ಕೇಳುತ್ತೇವೆ. ಆದರೆ ಆ ದಿನವನ್ನು ಅಷ್ಟು ಕೂಲಂಕಷವಾಗಿ ವಿವೇಚಿಸುವ, ಹೊಸ ಒಡಂಬಡಿಕೆಯಲ್ಲಿರುವ ಇಬ್ರಿಯರಿಗೆ ಬರೆದ ಪತ್ರಿಕೆ ಅದನ್ನು ಹೆಸರಿಸುವುದೇ ಇಲ್ಲ. ಪತ್ರಿಕೆಯ ಕಣ್ಣು ಪೂರ್ತಿಯಾಗಿ ಪರದೆಯ ಒಳಗಣ ರಕ್ತದ ಮೇಲಿದೆ. ಹೋತಗಳ ರಕ್ತವೂ ಕಡಸಿನ ಬೂದಿಯೂ ಶರೀರವನ್ನು ಶುದ್ಧಿಮಾಡುವುದಾದರೆ, ಕ್ರಿಸ್ತನ ರಕ್ತವು ಮನಸ್ಸಾಕ್ಷಿಯನ್ನು ಇನ್ನೆಷ್ಟು ಶುದ್ಧಿಮಾಡಲಿಕ್ಕಿಲ್ಲ ಎಂದು ಅದು ವಾದಿಸುತ್ತದೆ. ಹಳೆಯ ವಿಧಿ ಬರಿಯ ಬಾಹ್ಯಾಚಾರವೆಂದು ಇದರಿಂದ ತೀರ್ಮಾನಿಸುವುದು ಅವಸರದ ಓದು. ಆ ವಿಧಿ ನಿಜವಾಗಿ ಶುದ್ಧಿಮಾಡುತ್ತಿತ್ತು ಎಂದು ಒಪ್ಪಿದರೆ ಮಾತ್ರ "ಇನ್ನೆಷ್ಟು" ಎಂಬ ವಾದ ನಿಲ್ಲುತ್ತದೆ. ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾದ ಬಳಿಕವೂ ಯೆಹೂದ್ಯರು ಆ ದಿನವನ್ನು ಉಪವಾಸ, ಪ್ರಾರ್ಥನೆ, ಪಶ್ಚಾತ್ತಾಪಗಳಿಂದ ಇಂದಿನವರೆಗೂ ಆಚರಿಸುತ್ತಿದ್ದಾರೆ. ನೆರೆಯವನಿಗೆ ಮಾಡಿದ ಅನ್ಯಾಯವನ್ನು ಅವನನ್ನು ಸಮಾಧಾನಪಡಿಸದ ಹೊರತು ಆ ದಿನವೂ ಪರಿಹರಿಸದು ಎಂದು ಯೆಹೂದ್ಯರ ಪ್ರಾಚೀನ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾ ಹೇಳುತ್ತದೆ.

ಅದೇ ಪತ್ರಿಕೆಯ 9:23 ಅನೇಕ ವ್ಯಾಖ್ಯಾನಕಾರರನ್ನು ತಡವರಿಸುವಂತೆ ಮಾಡಿದೆ. ಪರಲೋಕದ ವಸ್ತುಗಳಿಗೂ ಉತ್ತಮವಾದ ಯಜ್ಞಗಳಿಂದ ಶುದ್ಧಿಯಾಗಬೇಕಾಗಿತ್ತು ಎಂದು ಅಲ್ಲಿದೆ. ಪರಲೋಕಕ್ಕೆ ಯಾವ ಕೊಳೆ? ಕೆಲವರು ಇದನ್ನು ಪ್ರತಿಷ್ಠಾಪನೆಯೆಂದೂ ಕೆಲವರು ಮನಸ್ಸಾಕ್ಷಿಯ ರೂಪಕವೆಂದೂ ಅರ್ಥಮಾಡಿದ್ದಾರೆ. ಆದರೆ ಆರೋನನ ಕೈಯ ರಕ್ತ ಎಲ್ಲಿ ಬಿದ್ದಿತೆಂಬುದನ್ನು ನೋಡಿದವನಿಗೆ ಈ ಮಾತು ವಿಚಿತ್ರವಾಗಿ ಕಾಣದು. ಮನುಷ್ಯರ ಪಾಪ ದೇವರು ನೆಲೆಸುವ ಕಡೆಗೇ ಹತ್ತುತ್ತದೆ ಎಂಬ ಯಾಜಕರ ತಿಳಿವಳಿಕೆಯನ್ನು ಪತ್ರಿಕೆಯ ಲೇಖಕನು ಕೈಬಿಡದೆ, ಗುಡಾರದಿಂದ ಪರಲೋಕದವರೆಗೆ ಚಾಚಿದ್ದಾನೆ.